ಬನ್ನಿಗಿಡದ ಕೆಳಗ ನಿಂತ ಸಂಕವ್ವ

ಭಾಳ ಹಿಂದ, ನಮ್ಮ ಮುತ್ಯಾನ ಮುತ್ಯಾ ಇನ್ನೂ ತೊಟ್ಟಿಲದಾಗ ಇದ್ನೋ ಇಲ್ಲೋ ಅನ್ನೂ ಕಾಲಕ್ಕ, ಒಂದೂರಾಗ ಸಂಕವ್ವ ಅಂತ ಒಬ್ಬಾಕಿ ಇದ್ಲು. ಆ ಊರು ಇದ ಊರು ಅಂತ ನಾವಂತೀವಿ. ಅಲ್ಲ, ನಮ್ಮೂರು ಅಂತ ಆಚೀ ಊರವರು ಅಂತಾರ. ಅನ್ನಲಿ ಬಿಡ್ರಿ, ಬಾಯಿಗೇನು ಸುಂಕ ಕಟ್ಟಬೇಕೇನು?

ಸಂಕವ್ವ ಕುಳವಾಡಿ ಮನಿತನದಾಕಿ. ಕುಳವಾಡಿ ಅಂದ್ರ ಊರಿನ ಗಡಿ ಕಾಯೋರು. ಉಳಿದ ದಿನ ಆಕೀನ್ನ ಚಾವಡಿ ಮೆಟ್ಟಲಾ ಹತ್ತಗೊಡತಿರಲಿಲ್ಲ. ಗಡಿ ಜಗಳಾ ಬಂತಂದ್ರ ಮಾತ್ರ ಗೌಡನೂ ಆಕಿ ಹಿಂದ, ಕುಲಕರ್ಣಿನೂ ಆಕಿ ಹಿಂದ. ಊರ ಬಾವಿ ನೀರಾಗ ಊರ ಮಣ್ಣು ಕಲಸಿ, ಉಂಡಿ ಕಟ್ಟಿ, ಅದನ್ನ ತಲಿ ಮ್ಯಾಲ ಹೊತ್ತು ಕುಳವಾಡಿ ನಡೀಬೇಕು. ನಡದದ್ದ ಗಡಿ. ಸುಳ್ಳು ನಡದ್ರ ಉಂಡಿ ತಲಿ ಮ್ಯಾಲ ಒಡೀತೈತಿ, ಹೊತ್ತವರ ವಂಶ ಅಲ್ಲಿಗೇ ಮುಗೀತೈತಿ, ಅಂತಿದ್ರು. ಮೊದಲು ಗಂಡ ಹೊರತಿದ್ದ. ಅವಾ ತೀರಿಕೊಂಡ ಮ್ಯಾಲ, ಗಂಡಮಕ್ಕಳಿಲ್ಲದ ಮನಿ, ಆಕಿನ ಕುಳವಾಡಿ ಆದ್ಲು. ಆಕಿಗೆ ಇದ್ದಾಕಿ ಒಬ್ಬಾಕೇ ಮಗಳು, ನಿಂಬೆವ್ವ.

ಊರ ಮೂಡಲಕ್ಕ ಕರಿ ಮಣ್ಣಿನ ಒಂದು ಎರಿ ಬಯಲು. ಹಾಲೆರಿ ಅಂತ ಅದರ ಹೆಸರು. ಅಲ್ಲಿ ಬಿಳಿಜ್ವಾಳ ಬೆಳದ್ರ ಒಳಗ ಆನಿ ನಿಂತ್ರೂ ಕಾಣತಿರಲಿಲ್ಲಂತ. ನಾ ನಂಬೂದಿಲ್ಲ, ಆನಿ ಈ ಕಡೆ ಯಾಕ ಬಂದೀತು? ಎತ್ತು ಕಾಣತಿರಲಿಲ್ಲ, ಅದು ಖರೆ. ಹಾಲೆರಿ ಮುಗದಲ್ಲಿ ಆಚೀ ರಾಜನ ಸೀಮಿ. ಹಾಲೆರಿನೂ ನಂದ ಅಂತ ಅವನ ಜಗಳಾ. ಅವರಪ್ಪಂದೂ ಅದ ಜಗಳಾ, ಅವರಜ್ಜಂದೂ ಅದ ಜಗಳಾ. ಎಷ್ಟೋ ತಾಯಂದಿರ ಮಕ್ಕಳು ಆ ಜಗಳದ ದಂಡಿಗೆ ಹೋಗಿ ತಿರುಗಿ ಬರಲಿಲ್ಲ. ಆ ಹಾಲೆರಿ ನಡುವ ಇದ್ದ ಹಟ್ಟಿಗೇ ಸಂಕವ್ವ ಮಗಳನ್ನ ಕೊಟ್ಟಿದ್ಲು. ಆಗ ನಿಂಬೆವ್ವ ತುಂಬಿದ ಬಸರಿ.

ಕಡೀಕ ನಮ್ಮ ರಾಜಗೂ ಸಾಕಾಯ್ತಂತ. ಹಾಲೆರಿ ಬಿಟ್ಟುಕೊಟ್ಟು ದಂಡು ನಿಲ್ಲಸೂದು ಅಂತ ಮನಸ್ಸು ಮಾಡಿದ. ಆದ್ರ ಕೊಟ್ಟೆ ಅನ್ನಾಕ ನಾಚಿಕಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅದಕ್ಕ ಮಂತ್ರಿ ಒಂದು ಉಪಾಯ ಹೂಡಿದ. ಕುಳವಾಡಿ ಗಡಿ ನಡೀಲಿ. ಹಾಲೆರಿ ಸುರುವಾಗೂ ಕಡೆ ಇದ್ದ ಬನ್ನಿಗಿಡದ ಹತ್ತರ ಬಲಕ್ಕ ಹೊಳ್ಳಿ ಬಯಲು ಸುತ್ತೂ ಬದಲಿ, ಎಡಕ್ಕ ಹೊಳ್ಳಿ ಹಾಲೆರಿ ಹೊರಗಿಟ್ಟು ನಡೀಲಿ. ಆಗ ಮಣ್ಣ ಹೇಳ್ತು, ಮೊದಲಿನಿಂದ ಅದು ಅವರದ ಅಂತ, ಅಂದುಬಿಟ್ರಾಯ್ತು.

ಮಂತ್ರಿ ತಾನ ಬಂದು ಸಂಕವ್ವನ ಗುಡಿಸಲ ಕಟ್ಟಿ ಮ್ಯಾಲ ಕುಂತು ಇದನ್ನೆಲ್ಲಾ ಹೇಳಿದನಂತ. ಎಡಕ್ಕ ಹೊಳ್ಳಲಿಲ್ಲಂದ್ರ ಮತ್ತ ದಂಡು ಏಳತೈತಿ, ನಿನ್ನ ಅಳಿಯಾನೂ ಹೋಗಬೇಕಾಗತೈತಿ ಅಂದ. ಇದನ್ನ ದೊರಿ ಹೇಳ್ಯಾರೇನ್ರಿ, ಅಂತ ಸಂಕವ್ವ ಕೇಳಿದ್ಲು. ಇದು ದೊರಿ ಬಾಯಿಂದ ಬರೂ ಮಾತಲ್ಲ ಅಂತ ಹೇಳಿ ಎದ್ದುಹೋದ.

ಅತ್ತ ದರಿ ಇತ್ತ ಹುಲಿ. ಬಲಕ್ಕ ನಡದ್ರ ಅಳಿಯಾ ಹೋಗತಾನ, ಎಡಕ್ಕ ನಡದ್ರ ಮಗಳ ಹೊಟ್ಟ್ಯಾಗಿನ ಕೂಸು ಹೋಗತೈತಿ. ಸಂಕವ್ವ ಎದ್ದು ಹಾಲೆರಿಗೆ ಹೋದ್ಲು. ನಿಂಬೆವ್ವ ಜ್ವಾಳ ಕೇರಾಕತ್ತಿದ್ಲು. ಎಲ್ಲಾ ಕೇಳಿದಾಕಿ ತನ್ನ ಹೊಟ್ಟಿ ವಿಚಾರ ಎತ್ತಲೇ ಇಲ್ಲಂತ. ಕೈಯಾಗಿನ ಮೊರ ಕೆಳಗಿಟ್ಟು ಅಂದ್ಲಂತ:

"ಯವ್ವಾ, ದೊರಿ ಕೊಟ್ರ ನಾವು ಕಳಕೊಂಡೋರು ಆಗತೀವಿ. ನೀ ಎಡಕ್ಕ ನಡದ್ರ ಈ ನೆಲ ಎಂದೂ ನಮ್ಮದಿರಲಿಲ್ಲ ಅಂತ ಆಗತೈತಿ. ಹಂಗಾರ ಇಷ್ಟು ದಿನ ನಾವು ಉಂಡದ್ದು ಕದ್ದ ಜ್ವಾಳೇನ?"

ಸಂಕವ್ವ ಮಗಳ ತಲಿ ಸವರಿ ಎದ್ದು ಬಂದ್ಲು.

ಗಡಿ ನಡಿಯೂ ದಿನ ಬಂತು. ಇಬ್ಬರೂ ರಾಜರು ಬಂದ್ರು, ಎರಡೂ ದಂಡು ಬಂದುವು. ಸಂಕವ್ವ ಬಾವಿ ನೀರು ಹೊಯ್ಕೊಂಡು, ಹಸಿ ಸೀರಿ ಮ್ಯಾಲ, ಕೂದಲಾ ಬಿಚ್ಚಿ, ಉಂಡಿ ಹೊತ್ತು ಹೊಂಟ್ಲು. ಮುಂದ ಹಲಗಿ ಬಾರಸವರು, ಹಿಂದ ಊರು. ಬನ್ನಿಗಿಡದ ಕೆಳಗ ಬಂದು ನಿಂತ್ಲು. ಬಲಕ್ಕ ಹೋಗಲಿಲ್ಲ, ಎಡಕ್ಕ ಹೋಗಲಿಲ್ಲ. ಹಲಗಿ ನಿಂತುವು. ಹೊತ್ತು ನೆತ್ತಿಗೆ ಬಂತು, ಆಕಿ ಕದಲಲಿಲ್ಲ, ಅಂತಾರ. ಮಂತ್ರಿ ಕೆಮ್ಮಿದ, ಕೆಮ್ಮಿದ, ಗಂಟಲಾ ಹರಕೊಂಡ. ಆಕಿ ಕದಲಲಿಲ್ಲ, ಅಂತಾರ.

ಆಮ್ಯಾಲ ಹಿಂದ ಹೊಳ್ಳಿ, ಮಂದಿ ನಡುವ ಹಾದು, ಸೀದಾ ನಮ್ಮ ರಾಜನ ಮೇಣೆ ಕಡೆ ನಡದ್ಲು. ಆಕಿ ನೆರಳು ಬಿದ್ರ ಜಳಕಾ ಮಾಡೂ ಮಂದಿ ಅದು. ಅವತ್ತು ಯಾರಿಗೂ ನೆನಪಾಗಲಿಲ್ಲ. ಉಂಡಿ ಇಳಿಸಿ, ಎರಡೂ ಕೈಯಾಗ ಹಿಡಿದು, ಅಂದ್ಲು:

"ಯಪ್ಪಾ ದೊರಿ, ನೆಲಾ ನಿಮ್ದು. ಕೊಡತೀನಂದ್ರ ಬ್ಯಾಡನ್ನಾಕ ನಾ ಯಾರು? ಗಡಿ ತೋರಸೂದು ನನ್ನ ಕೆಲಸ, ಕೊಡೂದು ನಿಮ್ಮ ಕೆಲಸ. ನಿಮ್ಮ ಹೊರಿ ನನ್ನ ಮಗಳ ಹೊಟ್ಟಿ ಮ್ಯಾಲ ಹೇರಬ್ಯಾಡ್ರಿ. ತಗೋರಿ, ಹೊರ್ರಿ."

ಮಂತ್ರಿ ಕತ್ತಿ ಹಿರದ ಅಂತ ಕೆಲವರು ಅಂತಾರ. ಆ ಪುಣ್ಯಾತ್ಮನ ಕಡೆ ಕತ್ತಿ ಎಲ್ಲೀದು! ರಾಜನ ಒಂದು ಮಾತಿಗೆ ಆಕಿ ತಲಿ ಅಲ್ಲೇ ಉರುಳತಿತ್ತು, ಅದು ಖರೆ. ರಾಜ ಆ ಮಾತು ಆಡಲಿಲ್ಲ. ಉಂಡಿ ನೋಡಿದ, ಆಕಿ ಮುಖಾ ನೋಡಿದ. ಮೇಣೆ ಇಳದ. ತಲಿಗೆ ಸುತ್ತಿದ ರುಂಬಾಲ ತಗದ. ಮಣ್ಣಿನ ಉಂಡಿ ತಲಿ ಮ್ಯಾಲ ಇಟ್ಟುಕೊಂಡು ಬನ್ನಿಗಿಡದ ಕೆಳಗ ನಿಂತು, ಎರಡೂ ದಂಡಿಗೆ ಕೇಳೂ ಹಂಗ, ಹಾಲೆರಿ ನಮ್ಮದು, ನಮ್ಮದನ್ನ ನಾ ಕೊಟ್ಟೆ ಅಂದ. ಅಂದು ಎಡಕ್ಕ ನಡದ.

ಉಂಡಿ ಒಡದು ಮಣ್ಣ ನೀರು ರಾಜನ ಮಾರಿ ಮ್ಯಾಲ ಇಳೀತು ಅಂತ ಆಚೀ ಊರವರು ಹಾಡತಾರ. ನಮ್ಮವ್ವ ಮಾತ್ರ ಒಡೀಲಿಲ್ಲ ಅಂತಿದ್ಲು. ಯಾಕ ಒಡೀಬೇಕು? ಅವಾ ಸುಳ್ಳು ಹೇಳಲಿಲ್ಲಲ್ಲ. ಹಾಲೆರಿ ಒಕ್ಕಲು ಮಂದಿ ನೆಲಕ್ಕ ಬಿದ್ದು ಅತ್ರು, ಒಬ್ಬರನ್ನೊಬ್ಬರು ಹಿಡಕೊಂಡು ಅತ್ರು. ಆದ್ರ ಅವರನ್ನ ಕಳ್ಳರು ಅನ್ನೂ ಬಾಯಿ ಅವತ್ತಿಗೂ ಹುಟ್ಟಲಿಲ್ಲ, ಇವತ್ತಿಗೂ ಹುಟ್ಟಿಲ್ಲ.

ದಂಡು ನಿಂತುವು. ಹಾಲೆರಿ ಹೋತು, ಹಟ್ಟಿ ಹೋತು, ಹಟ್ಟಿ ಜೋಡಿ ನಿಂಬೆವ್ವನೂ ಆಚೀ ರಾಜನ ಸೀಮಿಗೆ ಹೋದ್ಲು. ಬನ್ನಿಗಿಡಕ್ಕ ಮುಳ್ಳಬೇಲಿ ಬಿತ್ತು. ಮಗಳ ಬಾಣಂತನಕ್ಕ ಹೋಗಾಕ ಸಂಕವ್ವನ್ನ ಕಾವಲವರು ಬಿಡಲಿಲ್ಲ. ತಿಂಗಳಾದ ಮ್ಯಾಲ ನಿಂಬೆವ್ವನೇ ಕೂಸು ಕಟಗೊಂಡು ಬೇಲಿಗೆ ಬಂದ್ಲು. ಹೆಣ್ಣ ಕೂಸು. ಸಂಕವ್ವ ಮುಳ್ಳಿನ ಸಂದ್ಯಾಗ ಕೈ ಹಾಕಿ ಅದರ ಕೈ ಮುಟ್ಟಿದ್ಲು, ಕಾಲು ಮುಟ್ಟಿದ್ಲು, ಎಲ್ಲಾ ನೆಟ್ಟಗದಾವು ಅಂತ ನೋಡಿದ್ಲು. ಆಮ್ಯಾಲ ಅಲ್ಲೇ ಕುಂತು ಹೊಟ್ಟಿ ತುಂಬ ಅತ್ಲಂತ.

ಈಗ ಬೇಲಿನೂ ಇಲ್ಲ, ರಾಜರೂ ಇಲ್ಲ. ಆದ್ರ ಇವತ್ತಿಗೂ ನಮ್ಮೂರಾಗ ಹೊಲಾ ಕೊಡಾವ ಬರೇ ಸಹಿ ಹಾಕಿ ಬಂದ್ರ ನಡಿಯೂದಿಲ್ಲ. ಆ ಹೊಲದ ಮಣ್ಣು ಊರ ಬಾವಿ ನೀರಾಗ ಕಲಸಿ, ಉಂಡಿ ಕಟ್ಟಿ, ತಾನ ತಲಿ ಮ್ಯಾಲ ಹೊತ್ತು ಹೊಲಾ ಸುತ್ತಬೇಕು. ಸಂಕವ್ವನ ಮನಿತನದ ಹೆಣ್ಮಗಳು ಬದುವಿನ ಮ್ಯಾಲ ನಿಂತು, ಯಾರದಿದು, ಯಾರು ಕೊಟ್ರು ಅಂತ ಕೇಳತಾಳ. ನಂದು, ನಾ ಕೊಟ್ಟೆ ಅಂತ ಊರಿಗೆಲ್ಲಾ ಕೇಳೂ ಹಂಗ ಅವಾ ಅನಬೇಕು. ಆ ಮಾತು ಬಾಯಿಗೆ ಬರದ, ಉಂಡಿ ಅಲ್ಲೇ ಇಳಿಸಿ ಮನಿಗೆ ಹೋದವರು ಎಷ್ಟೋ ಮಂದಿ ಅದಾರ. ಅವರಿಗೆ ಯಾರೂ ನಗೂದಿಲ್ಲ. ಮರುದಿನ ಆ ಉಂಡಿ ಒಡದು ಅದ ಹೊಲಕ್ಕ ಚೆಲ್ಲಿ, ಬಿತ್ತಾಕ ಸುರು ಮಾಡತಾರ.