ನೀರು ಮುಟ್ಟದವಳು

ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾನು ಮನೆ ಬಿಟ್ಟು ನಡೆದೆ.

ಐದನೇ ಇಯತ್ತೆಗೇ ಶಾಲೆ ಬಿಟ್ಟಾಗಿತ್ತು. ಎತ್ತು ಮಾಡಲು ಹಳ್ಳದಿಂದ ಎರೆಮಣ್ಣು ತಾ ಎಂದು ಅವ್ವ ಕಳಿಸಿದಳು. ತಂಗಿ ನಿಂಬೆವ್ವ, ನಾನೂ ಬರ್ತೀನಿ ಎಂದು ಅಂಗಿ ಹಿಡಿದಳು. ಆಗ ಅವಳಿಗೆ ಏಳು ವರ್ಷ.

"ನೀ ಈ ಕಟ್ಟಿ ಮ್ಯಾಲ ಕೂಡು. ನಾ ಬರೂತನಕ ಏಳಬ್ಯಾಡ," ಎಂದೆ.

ಕೂತಳು. ನಾನು ಹಳ್ಳ ದಾಟಿದೆ. ಆಚೆ ಡಾಂಬರು ರಸ್ತೆ, ರಸ್ತೆಯ ಮೇಲೆ ನಿಂತ ಒಂದು ಲಾರಿ.

ಆಮೇಲೆ ಇಪ್ಪತ್ತಾರು ವರ್ಷ. ಲಾರಿ ಕ್ಲೀನರ್ ಆದೆ, ಕಬ್ಬು ಕಡಿದೆ, ಸೊಲ್ಲಾಪುರದ ಧಾಬಾದಲ್ಲಿ ಹಿಟ್ಟು ನಾದಿದೆ. ಎಲ್ಲ ಕಡೆ ಕೆಲಸ ಸಿಕ್ಕಿತು, ಜಾಗ ಸಿಗಲಿಲ್ಲ. ಊರ ಕಡೆ ಮಾತ್ರ ಹೋಗಲಿಲ್ಲ. ಮೊದಮೊದಲು ಅಪ್ಪನ ಹೊಡೆತಕ್ಕೆ ಹೆದರಿ, ಆಮೇಲೆ ನಾಚಿಕೆಗೆ.

ಕಡೆಗೆ ಭೀಮಾ ನದಿಯ ದಂಡೆಗೆ, ಅಡಿವೆಪ್ಪಜ್ಜನ ಮಠಕ್ಕೆ ಬಂದು ಬಿದ್ದೆ. ಮಠ ಅಂದರೆ ಎರಡು ಕೋಣೆ, ಒಂದು ಬೇವಿನ ಮರ. ಅಜ್ಜ ಹೆಸರು ಕೇಳಿದರು. ಮಾಳಪ್ಪ ಎಂದೆ. "ಇರು," ಎಂದರು.

ಮೂರು ತಿಂಗಳು ಇದ್ದೆ. ಎದ್ದು ಹೊರಡಲು ಕಾಲು ಕಡಿಯಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಕಡೆ ಇರಬೇಕು ಅನಿಸಿತು.

"ಅಜ್ಜಾ, ನನಗೊಂದು ಜಾಗ ಕೊಡ್ರಿ. ತಿರುಗಿ ತಿರುಗಿ ಸಾಕಾಗೇತಿ."

"ಶ್ರಾವಣದ ಮೊದಲ ಸೋಮವಾರ ದೀಕ್ಷಾ ಕೊಡತೀನಿ. ಹಿಂದಿನ ಕೋಣಿ ನಿಂದು. ಆದರ ಅದಕ್ಕಿಂತ ಮೊದಲ, ಒಂದರ ದಿನ, ಒಂದು ತಾಸು ಏಳದಂಗ ಧ್ಯಾನಕ್ಕ ಕೂತು ತೋರಸು."

"ಒಂದು ತಾಸೇನ್ರಿ, ನಾಲ್ಕು ತಾಸು ಕೂಡತೀನಿ."

"ಲಾರ್ಯಾಗ ಕೂತಂಗಲ್ಲೋ ಇದು."

ಅಲ್ಲವೆಂದು ಮರುದಿನ ಬೆಳಗ್ಗೆಯೇ ಗೊತ್ತಾಯಿತು.

ಕಣ್ಣು ಮುಚ್ಚಿದರೆ ಸಾಕು, ದೂರದ ಬಸ್ಸಿನ ಹಾರನ್ನು ಕಿವಿಯೊಳಗೇ ಊದುತ್ತಿತ್ತು. ನಾಯಿ ಬೊಗಳಿದರೆ ಯಾವ ನಾಯಿ ಎಂದು ಯೋಚನೆ. ಇವೆಲ್ಲ ಮುಗಿದ ಮೇಲೆ, ಎಲ್ಲ ತಣ್ಣಗಾದ ಮೇಲೆ, ನಿಂಬೆವ್ವ ಬರುತ್ತಿದ್ದಳು.

"ಯಣ್ಣಾ," ಎನ್ನುತ್ತಿದ್ದಳು. ಅಷ್ಟೇ.

ನಾನು ಎದ್ದುಬಿಡುತ್ತಿದ್ದೆ.

ಕಿವಿಗೆ ಅರಳೆ ಇಟ್ಟುಕೊಂಡೆ. ಹಾರನ್ನು ನಿಂತಿತು, ನಾಯಿ ನಿಂತಿತು. ನಿಂಬೆವ್ವ ಇನ್ನೂ ಹತ್ತಿರ ಬಂದಳು.

ಒಂದು ದಿನ ಅಜ್ಜ, ನಾನು ಇಬ್ಬರೂ ಧ್ಯಾನಕ್ಕೆ ಕೂತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಪಕ್ಕದ ಊರಿನ ಮುದುಕಿ ಚಂದವ್ವ.

"ಅಜ್ಜಾರ, ನಮ್ಮ ಎಮ್ಮಿ ಹಾಲು ಕೊಡವಲ್ದು."

ನನಗೆ ರೇಗಿತು. "ಧ್ಯಾನಕ್ಕ ಕೂತೀವಿ, ಕಾಣೂದಿಲ್ಲೇನು ಮುದುಕಿ? ಆಮ್ಯಾಲ ಬಾ!"

ಅಜ್ಜ ಎದ್ದರು. ಒಳಗೆ ಹೋಗಿ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಅವಳ ಮುಂದಿಟ್ಟರು.

"ಬಿಸಲಾಗ ಬಂದೀಯವ್ವ. ಕೂಡು, ನೀರು ಕುಡಿ."

ಅವಳು ಬೆಲ್ಲ ತಿಂದು, ನೀರು ಕುಡಿದು, ಎಮ್ಮೆಯ ಕಥೆ ಹೇಳಿ, ನನ್ನ ಕಡೆ ಒಂದು ಸಲ ನೋಡಿ ಹೋದಳು.

"ಧ್ಯಾನ ಕೆಡ್ತಲ್ರಿ ಅಜ್ಜಾ," ಎಂದೆ.

"ನಿಮ್ಮ ಮನ್ಯಾಗ ಬಂದವರಿಗೆ ಮೊದಲ ಏನು ಕೊಡತಿದ್ರಿ?"

"ನೀರು."

"ಮತ್ತ?"

"ಹೊರಗಿಂದ ಬಂದವರಿಗೆ ಸರಿ. ಒಳಗ ಬರತಾರಲ್ರಿ, ಹಾರನ್ನು, ನಾಯಿ, ಹಾಳುಮೂಳು, ಅವರನ್ನೇನು ಮಾಡೂದು?"

"ಅವರ್ಯಾರು? ಅವರೂ ಬಂದವರ. ಓಡಿಸಿದರ ಹೊರಗ ನಿಂತು ಬಾಗಲಾ ಬಡೀತಾರ."

ಮರುದಿನದಿಂದ ನಾನು ಕೂಡುವ ಜಾಗದ ಪಕ್ಕದಲ್ಲಿ ಅಜ್ಜ ಒಂದು ತಂಬಿಗೆ ನೀರು ತುಂಬಿ ಇಡತೊಡಗಿದರು.

ಮೊದಲು ನಗು ಬಂತು. ಆಮೇಲೆ ಹಾರನ್ನು ಬಂತು. ಬಾ, ಕೂಡು, ನೀರು ಕುಡಿ ಎಂದೆ ಮನಸ್ಸಿನೊಳಗೆ. ಕುಡಿದು ಹೋಯಿತು. ನಾಯಿ ಬಂತು, ಕುಡಿಯಿತು, ನನ್ನ ಪಕ್ಕವೇ ಮಲಗಿತು. ಧಾಬಾದ ಒಗ್ಗರಣೆಯ ವಾಸನೆ ಬಂತು. ಅದಕ್ಕೆ ಎರಡು ಸಲ ನೀರು ಕೊಡಬೇಕಾಯಿತು. ಲಾರಿಯ ಡ್ರೈವರ್ ಕಾಕಾ ಬಂದ, ಕಬ್ಬಿನ ಗದ್ದೆಯ ಜಗಳ ಬಂತು. ಯಾರಿಗೂ ಬೇಡ ಎನ್ನಲಿಲ್ಲ. ಒಬ್ಬೊಬ್ಬರೇ ಎದ್ದು ತಮ್ಮ ದಾರಿ ಹಿಡಿದರು.

ಅರ್ಧ ತಾಸು ಕೂತೆ. ಮುಕ್ಕಾಲು ತಾಸು ಕೂತೆ.

ಹಿಂದಿನ ಕೋಣೆಗೆ ಸುಣ್ಣ ಹಚ್ಚಿಕೊಂಡೆ. ಗೋಡೆಗೆ ಒಂದು ಮೊಳೆ ಹೊಡೆದು ಅಂಗಿ ತೂಗುಹಾಕಿದೆ. ನನ್ನದು ಅನ್ನುವ ಗೋಡೆಗೆ ಹೊಡೆದ ಮೊದಲ ಮೊಳೆ ಅದು. ಸುಮ್ಮನೆ ಒಂದೆರಡು ಸಲ ಅಂಗಿ ತೆಗೆದು ಮತ್ತೆ ಹಾಕಿದೆ.

ಸೋಮವಾರಕ್ಕೆ ಇನ್ನು ನಾಲ್ಕು ದಿನ ಇತ್ತು.

"ಅಜ್ಜಾ, ಎಲ್ಲಾರೂ ನೀರು ಕುಡದು ಹೋಗತಾರ್ರಿ. ಒಬ್ಬಾಕಿ ಒಲ್ಲೆ ಅಂತಾಳ."

"ಯಾರು?"

"ನನ್ನ ತಂಗಿ. ನಿಂಬೆವ್ವ. ದಿನಾ ಬರತಾಳ, ಯಣ್ಣಾ ಅಂತಾಳ. ತಂಬಗಿ ಮುಂದ ಮಾಡತೀನಿ, ನೋಡೂದೂ ಇಲ್ಲ."

ಅಜ್ಜ ವಿಭೂತಿ ತಿಕ್ಕುತ್ತಿದ್ದವರು ಕೈ ನಿಲ್ಲಿಸಿದರು.

"ಮನೀಗೆ ಬಂದವರು ನೀರು ಮುಟ್ಟಲಿಲ್ಲ ಅಂದರ ಏನರ್ಥ?"

ನಮ್ಮ ಸೀಮೆಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. "ತಕರಾರು ಐತಿ ಅಂತ. ಅದು ತೀರೂತನಕ ಆ ಮನಿ ನೀರು ಕುಡಿಯೂದಿಲ್ಲ."

"ಕೇಳಿದೇನು, ಏನು ತಕರಾರು ಅಂತ?"

"ಬಂದವರನ್ನ ಯಾಕ ಬಂದಿ ಅಂತ ಹೆಂಗ ಕೇಳೂದ್ರಿ? ನೀರು ಕುಡದ ಮ್ಯಾಲ ಕೇಳೂದು ರೀತಿ."

"ಕುಡಿಯೂದಿಲ್ಲ ಅಂತ ಹಟಾ ಹಿಡದಾಕಿಗೂ ಅದ ರೀತಿ ಏನು? ಶಾಣ್ಯಾ ಅದಿ."

ಮರುದಿನ ಬೆಳಗ್ಗೆ ಕೂತೆ. ಹಾರನ್ನು ಬಂದು ಹೋಯಿತು. ನಾಯಿ ಬಂದು ಹೋಯಿತು. ನದಿಯ ಸದ್ದೂ ಬಂದು ಹೋಯಿತು. ಇವತ್ತು ತಾಸು ತುಂಬುತ್ತದೆ ಎಂದು ಮೈಗೇ ಗೊತ್ತಾಗುತ್ತಿತ್ತು.

"ಯಣ್ಣಾ."

ತಂಬಿಗೆ ಮುಂದೆ ಮಾಡಲಿಲ್ಲ.

"ಏನು ಬೇಕವ್ವ ನಿಂಬೆವ್ವ?" ಎಂದು ಕೇಳಿದೆ.

ಅವಳು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು, ಕಾಲು ಇಳಿಬಿಟ್ಟು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಏಳು ವರ್ಷದವಳೇ.

"ಯಣ್ಣಾ, ನಾ ಏಳಲೇನು?"

ನಾನು ಎದ್ದೆ. ತಂಬಿಗೆಗೆ ಕಾಲು ತಾಗಿ ಉರುಳಿತು.

ಅಜ್ಜ ಕಣ್ಣು ತೆರೆದು ನೋಡಿದರು. "ತಾಸಿಗೆ ಇನ್ನ ಸ್ವಲ್ಪ ಇತ್ತು," ಎಂದರು.

ಹೇಳಿದೆ, ಅವಳು ಕೇಳಿದ್ದನ್ನು.

"ಆಕಿ ಎಂದೋ ಎದ್ದಿರತಾಳ್ರಿ ಅಜ್ಜಾ. ಮಕ್ಕಳ ತಾಯಿ ಆಗಿರಬೇಕು ಈಗ. ನನ್ನ ಮಾರಿ ನೆನಪಿರೂದಿಲ್ಲ."

"ಇರಲಿಕ್ಕಿಲ್ಲ."

"ಬಾಗಲಾ ತಗೀತಾಳೋ ಇಲ್ಲೋ."

"ತಗೀದ ಇರಬೌದು. ತಗದರೂ ನೀರು ಕೊಡದ ಇರಬೌದು."

"ಹಂಗಾದರ ಇಲ್ಲೇ ಕೂತು ಸಮಾಧಾನ ಮಾಡಲೇನ್ರಿ ಆಕೀನ?"

"ಇಪ್ಪತ್ತಾರು ವರ್ಷ ಕೂತಿದ್ಯಲ್ಲೋ, ಲಾರ್ಯಾಗ. ಆಕಿಗೆ ಸಮಾಧಾನ ಆತೇನು?"

ಹಿಂದಿನ ಕೋಣೆಗೆ ಹೋದೆ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೊಳೆಯಿಂದ ಅಂಗಿ ತೆಗೆದೆ. ಒಂದು ಲುಂಗಿ, ಒಂದು ಟವೆಲ್ಲು, ಹೊದಿಕೆ, ಎಲ್ಲ ಚೀಲಕ್ಕೆ ತುಂಬಿದೆ. ಎಷ್ಟೋ ಸಲ ಕಟ್ಟಿದ ಚೀಲ. ಅವತ್ತು ಕಟ್ಟಲು ಬಹಳ ಹೊತ್ತು ಹಿಡಿಯಿತು.

ಅಜ್ಜ ಬಾಗಿಲಲ್ಲಿ ಬಂದು ನಿಂತರು.

"ನಮ್ಮೂರ ಕಡೆ ಬಸ್ ಐತೇನ್ರಿ?"

"ಹತ್ತಕ್ಕ ಒಂದು ಐತಿ. ಇಂಡಿ ಊರಾಗ ಇಳದು ಬ್ಯಾರೇದು ಹತ್ತಬೇಕು."

"ತಾಸು ಕೂಡಲಿಲ್ರಿ. ಕೋಣಿ ಹೋತು."

"ಹೋತು."

"ಮತ್ತ ಬಂದರ?"

"ಬಂದರ ನೀರು ಕೊಡತೀನಿ. ಕೋಣಿ ಮಾತು ಆಮ್ಯಾಲ."

ಚೀಲದ ಬಾಯಿ ಬಿಗಿಯುತ್ತಾ ಕೇಳಿದೆ, "ನಿಮಗ ಯಾರೂ ಬರೂದಿಲ್ಲೇನ್ರಿ ಅಜ್ಜಾ, ಧ್ಯಾನದಾಗ?"

"ನನ್ನ ಹೇಣ್ತಿ ಬರತಾಳ. ದಿನಾ. ಸತ್ತು ಮೂವತ್ತು ವರ್ಷ ಆತು."

"ನೀರು ಕುಡೀತಾಳೇನ್ರಿ?"

"ಇಲ್ಲ."

ದಂಡೆಯ ಊರುಗಳಲ್ಲೆಲ್ಲ ಹೇಳುತ್ತಾರೆ, ಅಡಿವೆಪ್ಪಜ್ಜ ಕೂತರೆ ಕಲ್ಲು, ನಾಲ್ಕು ತಾಸು ಅಲುಗುವುದಿಲ್ಲ ಎಂದು. ನಾನೂ ಅದನ್ನು ಕೇಳಿಯೇ ಬಂದವನು.

"ಆದರೂ ನೀವು ಏಳೂದಿಲ್ಲಲ್ರಿ."

ಅಜ್ಜ ಚೀಲ ಎತ್ತಿ ನನ್ನ ಹೆಗಲಿಗೆ ಹಾಕಿದರು.

"ಆಕಿ ಇರೂ ಊರಿಗೆ ಬಸ್ ಇದ್ದಿದ್ದರ, ನಾ ಯಾಕ ಇಲ್ಲಿ ಕೂಡತಿದ್ನೋ ಮಾಳ್ಯಾ?"