ಗಪ್ಪಿ ಮೀನಿನ ಬಯಕೆ ಊಟ

ಒಂದು ಕಾಡಿನಲ್ಲಿ ಒಂದು ಕೆಂಜಳಿಲು ಇತ್ತು. ಎಲ್ಲರೂ ಅವಳನ್ನು ಕೆಂಜಮ್ಮ ಎಂದು ಕರೆಯುತ್ತಿದ್ದರು. ಅವಳ ಗೂಡು ಮತ್ತಿ ಮರದ ತುದಿಯಲ್ಲಿತ್ತು. ದಿನಕ್ಕೆ ಮೂರು ಸಲ ಗೂಡು ಗುಡಿಸುತ್ತಿದ್ದಳು. ಗುಡಿಸಿದ ಕಸ ಕೆಳಗೆ ಮೊಲದ ಬಿಲದ ಮುಂದೆ ಬೀಳುತ್ತಿತ್ತು. ಅದು ಬೇರೆ ಮಾತು. ತನ್ನ ಗೂಡು ಚೊಕ್ಕಟವಾಗಿದ್ದರೆ ಅವಳಿಗೆ ಸಾಕಿತ್ತು.

ಆ ಮರದ ಬುಡದಲ್ಲಿ ಒಂದು ಕಲ್ಲುಬಾನಿ ಇತ್ತು. ಯಾವ ಕಾಲದಲ್ಲೋ ದನ ಕಾಯುವವರು ದನಗಳಿಗೆ ನೀರು ಕುಡಿಸಲು ಇಟ್ಟು ಹೋದದ್ದು. ಅದರಲ್ಲಿ ಮಳೆಯ ನೀರು ನಿಂತು, ಗೋಡೆಗೆಲ್ಲ ಹಸಿರು ಪಾಚಿ ಕಟ್ಟಿತ್ತು. ಒಂದು ಮೂಲೆಯಲ್ಲಿ ನೀರುಗಿಡ ಬೆಳೆದಿತ್ತು. ಆ ಪಾಚಿ ಕೆರೆದು ತಿನ್ನುತ್ತಾ ಒಂದು ಮುದಿ ಬಸವನಹುಳು ಅಲ್ಲೇ ವಾಸವಾಗಿತ್ತು. ಅವಳಿಗೆ ಶಂಖಜ್ಜಿ ಎಂದು ಹೆಸರು.

ಒಂದು ದಿನ ಹಳ್ಳದ ನೀರುನಾಯಿ ಮಾವ ಕೆಸುವಿನ ಎಲೆಯನ್ನು ದೊನ್ನೆ ಮಾಡಿ, ನೀರು ತುಂಬಿ, ಅದರಲ್ಲಿ ಏಳು ಗಪ್ಪಿ ಮೀನುಗಳನ್ನು ತಂದ. ಬೆರಳಿನ ಗಾತ್ರವೂ ಇಲ್ಲದ ಮೀನುಗಳು. ಗಂಡುಗಳ ಬಾಲ ಮಾತ್ರ ಹಬ್ಬದ ಸೀರೆಯ ಸೆರಗಿನಂತೆ ಬಣ್ಣ ಬಣ್ಣವಾಗಿತ್ತು.

"ಸೊಳ್ಳೆ ಮರಿ ತಿನ್ನಲಿ ಅಂತ ಹಳ್ಳಿಯವರು ಕೆರೆಗೆ ಬಿಟ್ಟಿದ್ದರು. ಕೆರೆ ಬತ್ತುತ್ತಾ ಇದೆ. ಇಲ್ಲಾದರೂ ಬದುಕಲಿ ಅಂತ ತಂದೆ" ಎಂದ ಮಾವ.

"ದಾರಿಯಲ್ಲಿ ನೀನೇ ತಿನ್ನಲಿಲ್ವಾ ಮಾವ?" ಎಂದಳು ಕೆಂಜಮ್ಮ.

"ಏಳೂ ಸೇರಿದರೂ ನನ್ನ ಒಂದು ಹಲ್ಲಿಗೆ ಸಾಲಲ್ಲ. ಅಲ್ಲದೆ ಇದರಲ್ಲಿ ಒಬ್ಬಳು ಬಸುರಿ. ನೋಡು, ಹೊಟ್ಟೆ ಹೇಗೆ ದುಂಡಗಾಗಿದೆ. ಈ ಮೀನು ಮೊಟ್ಟೆ ಇಡಲ್ಲ, ಮರಿಯನ್ನೇ ಹಾಕುತ್ತೆ."

ಮಾವ ಮೀನುಗಳನ್ನು ಮೆಲ್ಲಗೆ ಬಾನಿಗೆ ಬಿಟ್ಟ. "ಕೆಂಜಮ್ಮಾ, ಈ ನೀರು ಹಳೆಯದು, ಒಳ್ಳೆಯದು. ಪಾಚಿ ಇದೆ, ಗಿಡ ಇದೆ, ಅಜ್ಜಿ ಇದ್ದಾಳೆ. ಏನನ್ನೂ ಕೆದಕಬೇಡ. ದಿನಕ್ಕೆ ಒಂದು ಚಿಟಿಕೆ ಊಟ ಹಾಕು. ಹಾಕಿದ್ದು ತಳಕ್ಕೆ ಇಳಿಯುವ ಮೊದಲೇ ತಿಂದು ಮುಗಿಸಬೇಕು, ಅಷ್ಟೇ ಅಳತೆ. ಹದಿನೈದು ದಿನ ಬಿಟ್ಟು ಬಂದು ನೋಡ್ತೀನಿ."

"ನನಗೆ ಹೇಳಿಕೊಡಬೇಕಾ ಮಾವ? ಮೂರು ಬಾಣಂತನ ಮಾಡಿದವಳು ನಾನು" ಎಂದಳು ಕೆಂಜಮ್ಮ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಮೀನು ನೋಡುತ್ತಿದ್ದರು. ಕೆಂಜಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಆದರೆ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚುತ್ತಿತ್ತು. ಹಿಂದಿನ ತಿಂಗಳು ಪಕ್ಕದ ಮರದ ಕರಿಮುಖದ ಕೋತಿ ಮುಸುವಕ್ಕ ತನ್ನ ಸೊಸೆಗೆ ಬಯಕೆ ಊಟ ಮಾಡಿಸಿದ್ದಳು. ಕಾಡಿನ ತುಂಬ ಅದೇ ಮಾತು. ಎಂಥ ಹಣ್ಣು, ಎಂಥ ಹೂವು ಎಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅದನ್ನು ಕೇಳಿ ಕೇಳಿ ಕೆಂಜಮ್ಮನ ಹೊಟ್ಟೆ ಉರಿದಿತ್ತು.

ಅವಳು ಕೊಂಬೆಯಿಂದ ಕೊಂಬೆಗೆ ಹಾರಿ ಎಲ್ಲರನ್ನೂ ಕರೆದು ಬಂದಳು. "ನಾಡಿದ್ದು ನಮ್ಮ ಗಪ್ಪಿಗೆ ಬಯಕೆ ಊಟ. ಎಲ್ಲರೂ ಬರಬೇಕು."

"ಮೀನಿಗೆ ಯಾರಾದರೂ ಬಯಕೆ ಊಟ ಮಾಡ್ತಾರೇನೇ?" ಎಂದು ನಕ್ಕಳು ಮುಸುವಕ್ಕ.

"ಯಾಕೆ, ಬಸುರಿ ಅಂದರೆ ನಿನ್ನ ಸೊಸೆ ಒಬ್ಬಳೇನಾ?"

ಮುಸುವಕ್ಕ ನಗು ನಿಲ್ಲಿಸಿ, ನೀರು ಹೊರುವ ಕೆಲಸವಿದ್ದರೆ ಬರುತ್ತೇನೆ ಎಂದಳು.

ಮರುದಿನ ಕೆಂಜಮ್ಮ ಬಾನಿಯನ್ನು ಬಗ್ಗಿ ನೋಡಿದಳು. ನಾಲ್ಕು ಜನ ಬರುವ ಜಾಗ. ಗೋಡೆಗೆ ಪಾಚಿ, ಮೂಲೆಯಲ್ಲಿ ಗಿಡ, ತಳದಲ್ಲಿ ಮಣ್ಣು. ಅವಳಿಗೆ ನಾಚಿಕೆಯಾಯಿತು. ನಾಚಿಕೆಪಡಬೇಕಾದ ಜಾಗದಲ್ಲಿ ನಾಚಿಕೆಪಡದೆ, ಬೇಡದ ಜಾಗದಲ್ಲಿ ನಾಚಿಕೆಪಡುವವರು ಎಲ್ಲ ಕಡೆಯೂ ಇರುತ್ತಾರೆ.

ಅವಳು ಮೀನುಗಳನ್ನು ಒಂದು ದೊನ್ನೆಗೆ ಎತ್ತಿಟ್ಟಳು. ಬಾನಿಯ ಬುಡದ ಬಿರಡೆ ಕಿತ್ತು ನೀರೆಲ್ಲ ಹೊರಗೆ ಬಿಟ್ಟಳು. ನೀರುಗಿಡ ಕಿತ್ತೆಸೆದಳು. ಒಣ ನಾರು ಹಿಡಿದು ಬಾನಿಯ ಗೋಡೆಯನ್ನು ತಿಕ್ಕಲು ಕೂತಳು.

"ಕೆಂಜಮ್ಮಾ, ಬೇಡ" ಎಂದಳು ಶಂಖಜ್ಜಿ. "ಅದು ಕೊಳೆಯಲ್ಲ. ಆ ಪಾಚಿಯಲ್ಲಿ, ಆ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವಗಳಿವೆ. ಮೀನು ಮಾಡಿದ ಹೊಲಸನ್ನು ಅವೇ ಅರಗಿಸುವುದು. ಅವನ್ನು ತಿಕ್ಕಿ ತೆಗೆದರೆ ಹೊಲಸು ನೀರಲ್ಲೇ ಉಳಿದು ವಿಷ ಆಗುತ್ತೆ."

"ಲೋಳೆಯಲ್ಲಿ ಹುಟ್ಟಿದವಳಿಗೆ ಲೋಳೆಯೇ ಚೆಂದ."

"ನೀರನ್ನಾದರೂ ಅರ್ಧ ಉಳಿಸು. ಹಳ್ಳದ ನೀರು ತಣ್ಣಗಿರುತ್ತೆ. ಒಮ್ಮೆಲೇ ಬಿಟ್ಟರೆ ಅವಕ್ಕೆ ತಡೆಯಲ್ಲ."

"ಅಜ್ಜೀ, ನಾಳೆ ಜನ ಬರ್ತಾರೆ. ನಿನ್ನ ಈ ಅವತಾರ ಯಾರೂ ನೋಡುವುದು ಬೇಡ. ನೀನು ಮರದ ಹಿಂದೆ ಇರು" ಎಂದು ಕೆಂಜಮ್ಮ ಅವಳನ್ನು ಎತ್ತಿ ಬೇರಿನ ಸಂದಿಯಲ್ಲಿ ಇಟ್ಟಳು.

ಮುಸುವಕ್ಕ ಬಿದಿರಿನ ಅಂಡೆಯಲ್ಲಿ ಹಳ್ಳದ ನೀರು ತಂದು ತಂದು ಸುರಿದಳು. ಬಾನಿ ಫಳಫಳ ಹೊಳೆಯಿತು. ಮೀನುಗಳನ್ನು ಬಿಟ್ಟ ಕೂಡಲೇ ಅವು ಒಂದು ಮೂಲೆಗೆ ಹೋಗಿ ರೆಕ್ಕೆ ಮಡಚಿಕೊಂಡು ನಿಂತವು. "ನೋಡು, ಹೊಸ ಮನೆ ಕಂಡು ನಾಚಿಕೊಂಡಿವೆ" ಎಂದಳು ಕೆಂಜಮ್ಮ.

ಬಯಕೆ ಊಟದ ದಿನ ಯಾರೂ ಬರಿಗೈಯಲ್ಲಿ ಬರಲಿಲ್ಲ. ಕಾಡುಕೋಳಿ ಕುಕ್ಕಮ್ಮ ಬಿದಿರಕ್ಕಿ ತಂದಳು. ಮೊಲದಮ್ಮ ಹುಲ್ಲಿನ ಬೀಜ ತಂದಳು. ಮುಸುವಕ್ಕ ಅತ್ತಿಹಣ್ಣು ಕಿವುಚಿ ತಂದಳು. ಒಬ್ಬೊಬ್ಬರೂ ಸೋಬಾನೆ ಹಾಡುತ್ತಾ ಬಂದು ಒಂದೊಂದು ಹಿಡಿ ಬಾನಿಗೆ ಹಾಕಿದರು. ಮೀನುಗಳು ಎರಡು ಕಾಳು ಕಚ್ಚಿ ಬಿಟ್ಟವು. ಉಳಿದದ್ದೆಲ್ಲ ತಳಕ್ಕೆ ಇಳಿಯಿತು.

"ಸಾಕೇನೋ" ಎಂದಳು ಮೊಲದಮ್ಮ.

"ಬಸುರಿಯ ಊಟಕ್ಕೆ ಸಾಕು ಅನ್ನಬಾರದು. ಹೊಟ್ಟೆಯಲ್ಲಿರುವ ಮರಿಗಳದ್ದೂ ಲೆಕ್ಕ ಇಡು" ಎಂದು ಕೆಂಜಮ್ಮ ತಾನೇ ಇನ್ನೊಂದು ಹಿಡಿ ಹಾಕಿದಳು. ಮುಸುವಕ್ಕನ ಮನೆಯ ಊಟಕ್ಕಿಂತ ಇದೇ ಜೋರು ಎಂದು ಇಬ್ಬರು ಹೇಳಿದರು. ಕೆಂಜಮ್ಮನಿಗೆ ಬೇಕಿದ್ದದ್ದು ಅದೇ.

ಮರುದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಎರಡು ಗಂಡು ಮೀನುಗಳು ಸತ್ತು ತೇಲುತ್ತಿದ್ದವು. ಕೆಂಜಮ್ಮ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಎರಡನ್ನೂ ಒಂದೊಂದು ಎಲೆಯಲ್ಲಿ ಅಂಚು ಒಳಕ್ಕೆ ಮಡಚಿ ಚೊಕ್ಕವಾಗಿ ಕಟ್ಟಿ, ಮರದ ಬುಡದ ತರಗೆಲೆಯ ಕೆಳಗೆ ಮುಚ್ಚಿದಳು. ಮಾರನೆಯ ದಿನ ಮೂರು ಸತ್ತವು. ಅವನ್ನೂ ಕಟ್ಟಿ ಮುಚ್ಚಿದಳು. ಅದರ ಮಾರನೆಯ ದಿನ ಇನ್ನೊಂದು. ಉಳಿದವಳು ಬಸುರಿ ಒಬ್ಬಳೇ. ಅವಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಳು.

"ಪಾಪ, ಹಸಿವು" ಎಂದು ಕೆಂಜಮ್ಮ ಮತ್ತೆ ಬಿದಿರಕ್ಕಿ ಹಾಕಿದಳು.

ಶಂಖಜ್ಜಿ ಅಷ್ಟರಲ್ಲಿ ತೆವಳಿ ತೆವಳಿ ಬಾನಿಗೆ ಮರಳಿ ಬಂದಿದ್ದಳು. ತಳದಲ್ಲಿ ಕೊಳೆತದ್ದನ್ನು ತನ್ನ ಕೈಲಾದಷ್ಟು ತಿನ್ನುತ್ತಿದ್ದಳು. ಒಬ್ಬಳ ಹೊಟ್ಟೆಗೆ ಎಷ್ಟು ಹಿಡಿಸೀತು? "ಕೆಂಜಮ್ಮಾ, ಅವಳಿಗೆ ಹಸಿವಲ್ಲ. ಉಸಿರು ಸಿಗುತ್ತಿಲ್ಲ. ಕೊಳೆತ ಊಟ ನೀರಿನ ಉಸಿರನ್ನೆಲ್ಲ ನುಂಗಿದೆ. ದಯವಿಟ್ಟು ಇನ್ನು ಏನೂ ಹಾಕಬೇಡ."

ಕೆಂಜಮ್ಮನಿಗೆ ಆ ಮಾತು ನಿಜ ಎಂದು ಅನ್ನಿಸಿತು. ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಆ ಹೊತ್ತಿಗೆ ಮುಸುವಕ್ಕ, ಕುಕ್ಕಮ್ಮ, ಮೊಲದಮ್ಮ ಮರಿ ನೋಡಲು ಬಂದರು.

"ಇದೇನೇ ವಾಸನೆ?" ಎಂದಳು ಮುಸುವಕ್ಕ. "ಮಿಕ್ಕ ಮೀನುಗಳೆಲ್ಲಿ?"

ಕೆಂಜಮ್ಮನ ಬಾಯಿಯಿಂದ ಒಂದು ಸುಳ್ಳು ಹೊರಬಿತ್ತು. ಅದನ್ನು ಅವಳು ಯೋಚಿಸಿಯೂ ಇರಲಿಲ್ಲ, ತಡೆಯಲೂ ಇಲ್ಲ. "ಏನು ಹೇಳಲಿ ಅಕ್ಕ. ಈ ಮುದುಕಿ ಆರು ಮೀನುಗಳನ್ನೂ ತಿಂದುಬಿಟ್ಟಳು. ಲೋಳೆ ಬಿಟ್ಟು ನೀರನ್ನೂ ಕೆಡಿಸಿದಳು."

"ಆರೂ ತಿಂದೆಯಾ ಅಜ್ಜಿ?" ಎಂದಳು ಮುಸುವಕ್ಕ.

"ಪಾಚಿ ಕೆರೆಯುವ ನಾಲಿಗೆ ಬಿಟ್ಟರೆ ನನಗೆ ಏನಿದೆ ತಾಯಿ? ಓಡುವ ಮೀನನ್ನು ನಾನು ಹಿಡಿಯುವುದುಂಟೇ?"

"ಮಲಗಿದ್ದಾಗ ಹಿಡಿದಿರ್ತಾಳೆ" ಎಂದಳು ಕೆಂಜಮ್ಮ. ಮೂವರೂ ತಲೆಯಾಡಿಸಿದರು. ಮುಸುವಕ್ಕ ಶಂಖಜ್ಜಿಯನ್ನು ಎತ್ತಿಕೊಂಡು ಹೋಗಿ, ನೆರಳಿಲ್ಲದ ಬೋಳು ಬಂಡೆಯ ಮೇಲೆ ಇಟ್ಟು ಬಂದಳು. ಅಜ್ಜಿ ಚಿಪ್ಪಿನ ಬಾಗಿಲು ಮುಚ್ಚಿಕೊಂಡಳು.

ಅದಾಗಿ ಎರಡನೆಯ ದಿನಕ್ಕೆ ನೀರುನಾಯಿ ಮಾವ ಬಂದ. ಬಾನಿಯ ಹತ್ತಿರ ಬರುತ್ತಲೇ ಮೂಗು ಸಿಂಡರಿಸಿದ. ನೆರೆಯವರೂ ಬಂದು ಸೇರಿದರು. ಬಸುರಿ ಮೀನು ನೀರಿನ ಮೇಲೆ ಓರೆಯಾಗಿ ತೇಲುತ್ತಾ ಬಾಯಿ ಬಿಡುತ್ತಿತ್ತು.

"ಶಂಖಜ್ಜಿ ಮಾಡಿದ ಕೆಲಸ ಮಾವ. ಅದಕ್ಕೇ ಅವಳನ್ನು ಬೋಳು ಬಂಡೆಗೆ ಹಾಕಿದ್ದೇವೆ" ಎಂದಳು ಕೆಂಜಮ್ಮ.

ಮಾವ ನೀರಿಗೆ ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತಿದ. ಕೊಳೆತ ಬಿದಿರಕ್ಕಿ, ಬೂಸಲು ಹಿಡಿದ ಅತ್ತಿಹಣ್ಣು, ಉಬ್ಬಿದ ಹುಲ್ಲುಬೀಜ. "ಇದನ್ನೂ ಅಜ್ಜಿಯೇ ಹೊತ್ತು ತಂದಳಾ?"

"ನಾನು ಒಂದೇ ಒಂದು ಹಿಡಿ ಹಾಕಿದ್ದು" ಎಂದಳು ಮೊಲದಮ್ಮ. "ನಾನೂ ಒಂದೇ" ಎಂದಳು ಮುಸುವಕ್ಕ. ಕುಕ್ಕಮ್ಮನಿಗೆ ಏನು ಹೇಳಬೇಕೋ ತೋಚಲಿಲ್ಲ. ತೋಚದಿದ್ದಾಗ ಕೋಳಿಗಳು ಮಾಡುವುದನ್ನೇ ಅವಳೂ ಮಾಡಿದಳು. ತಲೆ ತಗ್ಗಿಸಿ ಕಾಲಿನಿಂದ ತರಗೆಲೆ ಕೆದಕಿದಳು.

ಒಂದು ಪೊಟ್ಟಣ ಹೊರಬಂತು. ಇನ್ನೊಂದು ಬಂತು. ಹೀಗೆ ಆರು. ಮುಸುವಕ್ಕ ಒಂದನ್ನು ಬಿಚ್ಚಿದಳು. ಒಳಗೆ ಒಣಗಿದ ಗಪ್ಪಿ. ಒಂದು ಕಡೆಯೂ ಕಚ್ಚಿದ ಗುರುತಿಲ್ಲ.

"ಅಂಚು ಒಳಕ್ಕೆ ಮಡಚಿದ ಕಟ್ಟು. ಈ ಕಾಡಿನಲ್ಲಿ ಇಷ್ಟು ಚೊಕ್ಕವಾಗಿ ಎಲೆ ಮಡಚುವವಳು ಒಬ್ಬಳೇ" ಎಂದಳು ಮೊಲದಮ್ಮ.

ಕೆಂಜಮ್ಮನಿಗೆ ಮರ ಹತ್ತಿ ಗೂಡು ಸೇರಿಬಿಡೋಣ ಅನ್ನಿಸಿತು. ಆದರೆ ಹೋಗಲಿಲ್ಲ. ಯಾರಾದರೂ ಬೈಯಲಿ ಎಂದು ಕಾದಳು. ಯಾರೂ ಬೈಯಲಿಲ್ಲ. ಬೈಯುವುದಕ್ಕೆ ಅವರಿಗೂ ಮುಖವಿರಲಿಲ್ಲ. ಅವರೂ ಒಂದೊಂದು ಹಿಡಿ ಹಾಕಿದವರು. ವಿಚಾರಿಸದೆ ಅಜ್ಜಿಯನ್ನು ಬಂಡೆಗೆ ಕಳಿಸಿದವರು.

"ನಾಚಿಕೆ ಆಮೇಲೆ ಪಡಿ" ಎಂದ ಮಾವ. "ಮೊದಲು ಇವಳನ್ನು ಉಳಿಸೋಣ. ತಳದ ಕೊಳೆಯನ್ನೆಲ್ಲ ಎತ್ತಿ. ನೀರನ್ನು ಪೂರ್ತಿ ಚೆಲ್ಲಬೇಡಿ, ಕಾಲು ಭಾಗ ತೆಗೆಯಿರಿ. ಬಿಸಿಲಲ್ಲಿ ಇಟ್ಟು ಹದವಾದ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ದಿನಾ ಹೀಗೇ ಮಾಡಿ. ಹಳೇ ಹೊಂಡದಿಂದ ಪಾಚಿ ಹತ್ತಿದ ಕಲ್ಲು, ನೀರುಗಿಡ ನಾನು ತರ್ತೀನಿ. ಮೂರು ದಿನ ಅವಳಿಗೆ ಒಂದು ಕಾಳೂ ಹಾಕಬೇಡಿ."

"ನಾನೇನು ಮಾಡಲಿ ಮಾವ?" ಎಂದಳು ಕೆಂಜಮ್ಮ, ತಲೆ ಎತ್ತದೆ.

"ಬಂಡೆಯ ದಾರಿ ನಿನಗೆ ಗೊತ್ತಲ್ಲ."

ಕೆಂಜಮ್ಮ ಬಂಡೆ ಹತ್ತಿದಳು. ಮಧ್ಯಾಹ್ನದ ಬಿಸಿಲಿಗೆ ಅಂಗಾಲು ಸುಟ್ಟಿತು. ಶಂಖಜ್ಜಿಯ ಚಿಪ್ಪಿನ ಬಾಗಿಲು ಮುಚ್ಚಿತ್ತು. ಒಳಗೆ ಜೀವವಿದೆಯೋ ಇಲ್ಲವೋ ತಿಳಿಯಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ಕೂತು ಅವಳು ಎಲ್ಲವನ್ನೂ ಹೇಳಿದಳು. ಯಾವ ದಿನ ಯಾವ ಮೀನು ಸತ್ತಿತು, ಎಲ್ಲಿ ಮುಚ್ಚಿದೆ, ಯಾಕೆ ಸುಳ್ಳು ಹೇಳಿದೆ. ಅಜ್ಜಿ ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಚಿಪ್ಪಿನೊಳಗಿಂದ ಕ್ಷೀಣವಾದ ಒಂದು ದನಿ ಕೇಳಿತು. "ಬಸುರಿ ಬದುಕಿದ್ದಾಳಾ?"

ಕೆಂಜಮ್ಮನಿಗೆ ಅಳು ತಡೆಯಲಾಗಲಿಲ್ಲ. ಅಜ್ಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದಳು.

ಮೂರು ದಿನ ಕೆಂಜಮ್ಮ ಬಾನಿಯ ಪಕ್ಕ ಕೂತಳು. ಮೀನು ಮೇಲೆ ಬಂದು ಬಾಯಿ ತೆರೆದಾಗಲೆಲ್ಲ ಅವಳ ಕೈ ಕಾಳಿನ ಕಡೆಗೆ ಹೋಗುತ್ತಿತ್ತು. ಆ ಕೈಯನ್ನು ಅವಳು ತನ್ನ ಕೆಳಗೇ ಹಾಕಿಕೊಂಡು ಕೂತಳು. ನಾಲ್ಕನೆಯ ದಿನ ಮೀನು ನೆಟ್ಟಗೆ ಈಜಿತು. ವಾರ ಕಳೆದ ಮೇಲೆ ನೀರುಗಿಡದೊಳಗಿಂದ ಶಂಖಜ್ಜಿ ಹೇಳಿದಳು: "ಹನ್ನೊಂದು ಮರಿ. ಗಿಡದ ಸಂದಿಯಲ್ಲಿ ಅಡಗಿವೆ. ಗಿಡ ಇಲ್ಲದಿದ್ದರೆ ಹೆತ್ತವಳೇ ನುಂಗಿಬಿಡುತ್ತಿದ್ದಳು."

ಮಳೆಗಾಲ ಬರುವ ಹೊತ್ತಿಗೆ ಬಾನಿಯಲ್ಲಿ ಬಣ್ಣದ ಬಾಲಗಳು ತುಂಬಿದ್ದವು. ಆಚೆ ಗುಡ್ಡದ ಕಡವೆಯೊಬ್ಬಳು ನೀರು ಕುಡಿಯಲು ಬಂದವಳು ಬೆರಗಾಗಿ ನಿಂತಳು. ಅವಳಿಗೆ ಇಲ್ಲಿಯ ಸುದ್ದಿ ಒಂದೂ ಗೊತ್ತಿರಲಿಲ್ಲ.

"ಎಷ್ಟು ಚೆನ್ನಾಗಿ ಸಾಕಿದ್ದೀಯಮ್ಮ. ನಿನ್ನ ಕೈಗುಣ ದೊಡ್ಡದು" ಎಂದಳು.

ಮುಸುವಕ್ಕ ಕೊಂಬೆಯ ಮೇಲೆ ಕೂತಿದ್ದಳು. ಕುಕ್ಕಮ್ಮ ಕೆಳಗೆ ತರಗೆಲೆ ಕೆದಕುತ್ತಿದ್ದಳು. ಕೆಂಜಮ್ಮ ಹೌದು ಎಂದಿದ್ದರೆ ಯಾರೂ ಅಲ್ಲ ಎನ್ನುತ್ತಿರಲಿಲ್ಲ.

"ಕೈಗುಣ ಅಲ್ಲಕ್ಕ" ಎಂದಳು ಕೆಂಜಮ್ಮ. "ಮೊದಲು ಬಂದ ಏಳರಲ್ಲಿ ಆರನ್ನು ಕೊಂದ ಕೈ ಇದು. ನೀರೆಲ್ಲ ಚೆಲ್ಲಿ, ಬಾನಿ ತಿಕ್ಕಿ, ಮಿತಿಯಿಲ್ಲದೆ ತಿನ್ನಿಸಿ ಕೊಂದೆ. ಕೊಂದು, ಈ ಶಂಖಜ್ಜಿ ತಿಂದಳು ಅಂತ ಎಲ್ಲರಿಗೂ ಹೇಳಿದೆ."

ಕಡವೆ ಬಾನಿಯನ್ನು ಇನ್ನೊಮ್ಮೆ ಬಗ್ಗಿ ನೋಡಿದಳು. "ನಮ್ಮ ಹೊಂಡಕ್ಕೆ ನಾಲ್ಕು ಮೀನು ಕೊಡ್ತೀಯಾ?" ಎಂದು ಕೇಳಿದಳು.

"ನಿಮ್ಮ ಹೊಂಡದಲ್ಲಿ ಪಾಚಿ ಕಟ್ಟಿದೆಯಾ?"

"ಇಲ್ಲ. ಮೊನ್ನೆ ಮಳೆಗೆ ತುಂಬಿದ ಹೊಸ ನೀರು."

"ಹಾಗಾದರೆ ಈಗ ಬೇಡ. ಬರಿಯ ನೀರಿಗೆ ಮೀನು ಬಿಡಬಾರದು. ಒಂದು ತಿಂಗಳು ಬಿಟ್ಟು ಬಾ" ಎಂದಳು ಕೆಂಜಮ್ಮ.

ಬಾನಿಯೊಳಗಿಂದ ಶಂಖಜ್ಜಿ ಮೆಲ್ಲಗೆ ಅಂದಳು: "ಒಂದೂವರೆ ತಿಂಗಳು ಅನ್ನು ಮಗಳೇ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಪಾಚಿ ಕಟ್ಟುವುದು ತಡ." ಅಜ್ಜಿ ಅವಳನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು.

ನೀತಿ: ಸಾಕಿದ ಜೀವಕ್ಕೆ ಬೇಕಾದ್ದನ್ನು ಕೊಡಬೇಕು, ನಮ್ಮ ಹೆಚ್ಚುಗಾರಿಕೆಗೆ ಬೇಕಾದ್ದನ್ನಲ್ಲ. ಮೀನಿನ ತೊಟ್ಟಿಯ ನೀರನ್ನು ಒಂದೇ ಸಲಕ್ಕೆ ಪೂರ್ತಿ ಚೆಲ್ಲಬೇಡಿ, ಮೀನಿಗೆ ಅತಿಯಾಗಿ ತಿನ್ನಿಸಬೇಡಿ. ನಿಮ್ಮ ಕೈಯಿಂದ ತಪ್ಪಾದರೆ ಅದನ್ನು ಬಾಯಿಲ್ಲದವರ ತಲೆಗೆ ಕಟ್ಟಬೇಡಿ.