ಮೊಣಕಾಲೆತ್ತರದ ಕೈಗುರುತು

ಕರಿಗಲ್ಲು ದುರ್ಗದ ಅರಸ ಡಂಗುರ ಹೊಯಿಸಿದ: "ಕೋಟೆಯ ಹೊರಗೆ ಹುಟ್ಟಿ, ಊರಿನ ಆಣೆ ಇಡದವರೆಲ್ಲ ಅಮಾವಾಸ್ಯೆಯೊಳಗೆ ಊರು ಬಿಡತಕ್ಕದ್ದು. ಇರಲೇಬೇಕೆನ್ನುವವರು ನಡುಹಗಲಲ್ಲಿ ಹೆಬ್ಬಾಗಿಲ ಬ್ರಹ್ಮರಾಕ್ಷಸನ ಮೂರು ಒಗಟು ಬಿಡಿಸಲಿ. ಬಿಡಿಸಿದವರ ಮಾತೇ ಕಾನೂನು. ತಪ್ಪಿದರೆ ಪ್ರಾಣ ಅವನದು."

ಆ ಬ್ರಹ್ಮರಾಕ್ಷಸ ಬದುಕಿದ್ದಾಗ ಊರಿನವರ ಹೆಸರು ಬರೆಯುತ್ತಿದ್ದ ಶಾನುಭೋಗ. ಯಾರನ್ನೋ ತಪ್ಪಾಗಿ ಹೊರಹಾಕಿದ್ದನೆಂದು ಹಳಬರು ಪಿಸುಗುಡುತ್ತಿದ್ದರು. ಅವನು ಸತ್ತಂದಿನಿಂದ ದಿನಾ ನಡುಹಗಲು ಯಾರೋ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು. ತೆರೆದರೆ ಯಾರೂ ಇಲ್ಲ. ಕೊನೆಗೆ ಜನ ತೆರೆಯುವುದನ್ನೇ ಬಿಟ್ಟು, ಆ ಸದ್ದಿನಲ್ಲೇ ಉಣ್ಣುವುದನ್ನು ಕಲಿತರು. ಮನುಷ್ಯರು ಏನನ್ನು ಬೇಕಾದರೂ ಕಲಿಯುತ್ತಾರೆ.

ಮೊದಲು ಹೋದ ಪಂಡಿತ ಮೊದಲ ಒಗಟಿಗೇ ತಪ್ಪಿದ. ಕುದುರೆ ವ್ಯಾಪಾರಿ ಎರಡನೆಯದಕ್ಕೆ "ಗಾಳಿ" ಎಂದ. ಬಾಗಿಲ ಬಳಿ ಉಳಿದದ್ದು ಎರಡು ಜೊತೆ ಮೆಟ್ಟು. ಅವನ್ನು ಎತ್ತಿ ಬದಿಗಿಟ್ಟವಳು ಹೆಬ್ಬಾಗಿಲು ಗುಡಿಸುವ ಬೊಮ್ಮಕ್ಕ.

ಅವಳೂ ಹೊರಗೆ ಹುಟ್ಟಿದವಳೇ. ಅವಳು ಕೂಸಾಗಿದ್ದಾಗ ತಾಯಿ ಮಾಸ್ತವ್ವ ಊರ ಬಾವಿಯ ನೀರು ಮುಟ್ಟಿ ಆಣೆ ಇಟ್ಟು ಊರಿನವಳಾಗಿದ್ದಳು. ಈಗ ಹಾಸಿಗೆ ಹಿಡಿದಿದ್ದಳು. ಆಣೆ ಇಟ್ಟ ತಾಯಿ ಇರಬಹುದು, ಆಣೆ ಇಡದ ಮಗಳು ಹೋಗಬೇಕು.

"ನೀ ಹೋದ್ರ ನನ್ನ ಬಾಯಾಗ ನೀರು ಬಿಡೋರ್ಯಾರವ್ವಾ?" ಎಂದಳು ಮಾಸ್ತವ್ವ.

ನಡುಹಗಲಿಗೆ ಬೊಮ್ಮಕ್ಕ ಕಸಬರಿಗೆ ಹಿಡಿದೇ ಹೆಬ್ಬಾಗಿಲಿಗೆ ಹೋದಳು.

ಬಾಗಿಲ ನೆರಳು ಮಾತಾಡಿತು. "ಬೇರೆ ಮಡಿಯಲ್ಲಿ ಮೊಳೆತಳು, ಇಲ್ಲಿ ಬೇರು ಬಿಟ್ಟಳು. ಹಣ್ಣು ಕೆಂಪಾದ ಮೇಲೆ ಎಲ್ಲಿಯವಳೆಂದು ಯಾರೂ ಕೇಳಲಿಲ್ಲ. ಯಾರು?"

"ಕಿತ್ತು ನೆಟ್ಟ ಮೆಣಸಿನ ಸಸಿ. ನಮ್ಮವ್ವನೂ ಹಂಗೇ."

"ಹೆಬ್ಬಾಗಿಲು ದಾಟಿ ಬಂತು, ಹೆಜ್ಜೆ ಗುರುತಿಲ್ಲ. ಯಾವುದು?"

"ತಾಯಿ ಸೊಂಟದ ಮ್ಯಾಲಿನ ಕೂಸು."

ನೆರಳಿನ ದನಿ ಇಳಿಯಿತು. "ಊರಿನವರೇ ಬಂದು ಬಡಿದರು, ಊರು ತೆರೆಯಲಿಲ್ಲ. ಯಾರು?"

ಆಗಲೇ ಬಡಿತ ಶುರುವಾಯಿತು. ಬಾಗಿಲ ಹೊರಮೈಯ ಧೂಳಿನಲ್ಲಿ ದಿನಾ ತಾನು ಒರೆಸುವ ಕೈಗುರುತುಗಳು ಬೊಮ್ಮಕ್ಕನಿಗೆ ನೆನಪಾದವು. ಅವು ಪುಟ್ಟವು, ಮೊಣಕಾಲೆತ್ತರದಲ್ಲಿರುತ್ತಿದ್ದವು. ಬಗ್ಗಿ ಗುಡಿಸುವವರಿಗಷ್ಟೇ ಅವು ಕಾಣುತ್ತಿದ್ದವು. ಶಾನುಭೋಗ ಯಾರನ್ನೋ ತಪ್ಪಾಗಿ ಹೊರಹಾಕಿದ್ದನೆಂಬ ಹಳಬರ ಪಿಸುಮಾತೂ ನೆನಪಾಯಿತು.

"ಅದೂ ಕೂಸೇ," ಎಂದಳು. "ಅದರವ್ವನೂ ನಮ್ಮವ್ವನಂಗ ಆಣೆ ಇಟ್ಟಾಕಿ, ಆಗ ಅದು ಅವ್ವನ ಮನ್ಯಾಗಿತ್ತು. ಅವ್ವ ಊರಿನಾಕಿ ಆದ ಮ್ಯಾಲೆ ಅದೂ ಊರಿನ ಕೂಸೇ, ಬ್ಯಾರೆ ಆಣೆ ಬೇಕಿಲ್ಲ. ನೀವು ಅವ್ವನ ಹೆಸರಷ್ಟೇ ಬರೆದ್ರಿ, ಶಾನುಭೋಗರೇ. ಕೂಸನ್ನ ಹೊರಗ ಹಾಕಿದ್ರಿ."

ನೆರಳು ಬಹಳ ಹೊತ್ತು ಅತ್ತಿತು. "ಮೂರು ದಿನ ಬಡಿಯಿತು ತಾಯೀ. ನಾನು ಒಳಗೆ ಕೂತು ಕೇಳುತ್ತಿದ್ದೆ." ಆಮೇಲೆ ಅಲ್ಲಿ ಯಾರೂ ಇರಲಿಲ್ಲ.

ಅರಸ ಮಾತಿಗೆ ತಪ್ಪಲಿಲ್ಲ. ಅವಳ ಉತ್ತರವನ್ನೇ ಕಾನೂನೆಂದು ಕಲ್ಲಿನಲ್ಲಿ ಕೆತ್ತಿಸಿ, ಊರಿನವರ ಪಟ್ಟಿಯಲ್ಲಿ ಮಾಸ್ತವ್ವನ ಹೆಸರಿನ ಕೆಳಗೆ ಅವಳ ಹೆಸರು ಬರೆಸಿದ. ಬೇಕಾದ್ದು ಕೇಳು ಎಂದಾಗ ಅವಳು ಹೆಬ್ಬಾಗಿಲ ಬೀಗದಕೈ ಕೇಳಿದಳು.

ಮರುದಿನ ನಡುಹಗಲು ಮತ್ತೆ ಬಡಿತ ಕೇಳಿತು. ಬೊಮ್ಮಕ್ಕ ತೆರೆದಳು. ಯಾರೂ ಕಾಣಲಿಲ್ಲ. ಅವಳು ಬಗ್ಗಿ ಎರಡೂ ಕೈ ಚಾಚಿ, "ಬಾ ಕೂಸೇ, ಒಳಗ ಬಾ" ಎಂದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಸೊಂಟ ಭಾರವಾಗಿತ್ತು.